ಮುನ್ನೂರು ಮೀಟರ್ ದೂರದ ಓರಿಕ್ಸ್

2004ರ ಚಳಿಗಾಲದಲ್ಲಿ ನಾನು ಕತಾರಿನ ಒಂದು ಖಾಸಗಿ ಪ್ರಾಣಿಧಾಮದಲ್ಲಿ ಪಶುವೈದ್ಯನಾಗಿದ್ದೆ. ಬೇಲಿಯೊಳಗೆ ಇದ್ದದ್ದು ಓರಿಕ್ಸ್‌ಗಳು. ಬಿಳಿ ಮೈ, ಈಟಿಯಂಥ ಎರಡು ನೇರ ಕೊಂಬುಗಳ ಮರುಭೂಮಿಯ ಪ್ರಾಣಿಗಳು.

ಅವುಗಳಲ್ಲಿ ಹಿರಿಯ ಗಂಡೊಂದು ಮುಂಗಾಲು ಎತ್ತಿಕೊಂಡು ಕುಂಟತೊಡಗಿತು. ಅರಿವಳಿಕೆಯ ಡಾರ್ಟ್ ಹೊಡೆಯಬೇಕೆಂದರೆ ನಾನು ಮೂವತ್ತು ಮೀಟರ್ ಹತ್ತಿರ ಹೋಗಬೇಕು. ನಡೆದುಹೋದರೆ ಅದು ಮೂರೇ ಕಾಲಿನಲ್ಲಿ ನನಗಿಂತ ಜೋರಾಗಿ ಓಡುತ್ತಿತ್ತು. ದುರ್ಬೀನಿನಲ್ಲಿ ನೋಡಿದವರೆಲ್ಲ ಮೂಳೆ ಮುರಿದಿದೆ ಎಂದರು. ನನಗೂ ಹಾಗೆಯೇ ಕಂಡಿತು. ನರಳಿಸುವುದು ಬೇಡ, ಒಂದೇ ಗುಂಡಿನಲ್ಲಿ ಮುಗಿಸೋಣ ಎಂದು ಕತಾರಿ ಮಾಲೀಕರು ತೀರ್ಮಾನಿಸಿದರು.

ಅದಕ್ಕಾಗಿ ಅವರು ಕರೆಸಿದ್ದು ರಾಮಪ್ರಸಾದರನ್ನು. ಮೈಸೂರಿನವರು, ಕತಾರಿನದೇ ಕೈಗಾರಿಕಾ ಪಟ್ಟಣ ಮೆಸಯೀದ್‌ನಲ್ಲಿ ಎಂಜಿನಿಯರ್. ಪ್ರತಿ ಶುಕ್ರವಾರ ಶೂಟಿಂಗ್ ರೇಂಜಿನಲ್ಲಿ ಮುನ್ನೂರು ಮೀಟರ್ ಆಚೆಯ ಕಾಗದದ ನಡುಮಧ್ಯಕ್ಕೆ ಗುಂಡು ಕೂರಿಸುವವರು. ಈ ಕೆಲಸ ಚೊಕ್ಕವಾಗಿ ಮಾಡಿದರೆ ಆ ವರ್ಷ ಹೊರದೇಶದ ಬೇಟೆಗೆ ಕರೆದೊಯ್ಯುತ್ತೇನೆಂದು ಮಾಲೀಕರು ಅವರಿಗೆ ಮಾತು ಕೊಟ್ಟಿದ್ದರು.

ರಾಮಪ್ರಸಾದ್ ಓರಿಕ್ಸ್‌ನಿಂದ ಮುನ್ನೂರು ಮೀಟರ್ ದೂರದಲ್ಲಿ ಮರಳಿನ ಮೇಲೆ ಚಾಪೆ ಹಾಸಿದರು. ಗಾಳಿ ಅಳೆಯುವ ಪುಟ್ಟ ಯಂತ್ರ ನಿಲ್ಲಿಸಿದರು. ಕ್ಯಾಲ್ಕುಲೇಟರ್ ಒತ್ತಿದರು. ಅಷ್ಟರಲ್ಲಿ ಓರಿಕ್ಸ್ ಎಡಕ್ಕೆ ಹೋಯಿತು. ಚಾಪೆಯನ್ನು ಎಡಕ್ಕೆ ಎಳೆದರು. ಅದು ಬಲಕ್ಕೆ ಬಂತು.

"ಡಾಕ್ಟ್ರೇ, ಒಂದ್ ನಿಮಿಷ ನಿಂತ್ಕೊಳ್ಳೋಕೆ ಹೇಳಿ ಇದಕ್ಕೆ."

"ನಾನು ಹೇಳಿದ್ದು ಕೇಳುವುದಾದ್ರೆ ನಿಮ್ಮನ್ನು ಯಾಕೆ ಕರೆಸ್ತಿದ್ದೆವು ಮಾರಾಯ್ರೆ?"

ಕೊನೆಗೆ ಅದು ನಿಂತಿತು. ರಾಮಪ್ರಸಾದರ ಬೆರಳು ಟ್ರಿಗರಿಗೆ ಹೋಯಿತು. "ಟೆನ್ಷನ್ ಬೇಡ," ಎಂದರು ನನಗೆ. "ಮೊದಲೆರಡು ಸೈಟರ್."

ಸೈಟರ್ ಎಂದರೆ ಸ್ಪರ್ಧೆಯ ಮೊದಲು ಗಾಳಿಯ ಅಂದಾಜಿಗೆ ಹಾರಿಸುವ, ಅಂಕಕ್ಕೆ ಸೇರದ ಗುಂಡು. ಅರ್ಥವಾದೊಡನೆ ಪಕ್ಕದಿಂದ ನನ್ನ ಟೊಪ್ಪಿಯನ್ನು ಅವರ ರೈಫಲ್ಲಿನ ಮೇಲಿದ್ದ, ದೂರದ್ದನ್ನು ದೊಡ್ಡದು ಮಾಡಿ ತೋರಿಸುವ ಸ್ಕೋಪಿನ ಮೇಲೆ ಮುಚ್ಚಿಬಿಟ್ಟೆ.

"ಏನ್ರೀ ಇದು!"

"ಸೈಟರ್ ಎಲ್ಲಿ ಬೀಳ್ತದೆ?"

"ಒಂದು ಗೇಣು ಆಚೀಚೆ. ಮೂರನೇದು ಪಕ್ಕಾ."

"ಆಚೆ ಅಂದ್ರೆ ಅದರ ಹೊಟ್ಟೆ! ಹೊಟ್ಟೆಗೆ ಬಿದ್ದ ಮೇಲೆ ಮೂರನೇದಕ್ಕೆ ಅದು ಕಾಯ್ತಾ ನಿಲ್ತದಾ?"

ರಾಮಪ್ರಸಾದ್ ಬೆರಳು ತೆಗೆದು ಎದ್ದು ಕುಳಿತರು. ಅವರು ಈವರೆಗೆ ಹೊಡೆದ ಯಾವುದಕ್ಕೂ ಹೊಟ್ಟೆ ಇರಲಿಲ್ಲ. "ಹತ್ತಿರ ಹೋಗೋಣ," ಎಂದರು.

ಆಗಲೇ ಮೇವಿನ ಪಿಕಪ್ ಬಂತು. ಮಂದೆಯೆಲ್ಲ ಅದರ ಹಿಂದೆ ಓಡಿತು, ಕುಂಟುತ್ತಿದ್ದದ್ದೂ ಬಂತು. ಇಷ್ಟು ಸುಲಭದ ದಾರಿ ನಮಗೆ ಯಾರಿಗೂ ಹೊಳೆದಿರಲಿಲ್ಲ. ನಾವಿಬ್ಬರೂ ಹಿಂದೆ ಹತ್ತಿ ಹುಲ್ಲಿನ ಮೇಲೆ ಬೋರಲಾಗಿ ಮಲಗಿದೆವು. ನಲವತ್ತು ಮೀಟರಿನಲ್ಲಿ ರಾಮಪ್ರಸಾದ್ ಪಿಸುಗುಟ್ಟಿದರು: "ಡಾಕ್ಟ್ರೇ, ಪ್ರಾಣಿ ಎಲ್ಲಿ? ಬರೀ ಬಿಳಿ ಬೆಡ್‌ಶೀಟ್ ಕಾಣ್ತಿದೆ."

"ಅದೇ ಪ್ರಾಣಿ! ಸ್ಕೋಪಿನ ಪವರ್ ಇಳಿಸಿ."

ಇಳಿಸಿದರು. ಎದೆಯಿಂದ ಕಾಲಿನವರೆಗೆ ನಿಧಾನವಾಗಿ ನೋಡಿದರು. ಬೇಲಿಯಾಚೆಯ ಲ್ಯಾಂಡ್‌ಕ್ರೂಸರಿನಿಂದ ಮಾಲೀಕರು "ಯಲ್ಲಾ! ಯಲ್ಲಾ!" ಎಂದು ಅವಸರಪಡಿಸುತ್ತ ಕೈಬೀಸುತ್ತಿದ್ದರು. ಗುಂಡು ಮಾತ್ರ ಹಾರಲಿಲ್ಲ.

"ಡಾಕ್ಟ್ರೇ, ಗೊರಸಿನ ಸಂದೀಲಿ ತಂತಿ ಇದೆ."

ದುರ್ಬೀನು ಹಿಡಿದೆ. ನಿಜ. ಮೇವಿನ ಕಟ್ಟಿನ ತಂತಿ ಸುತ್ತಿಕೊಂಡು ಮಾಂಸಕ್ಕೆ ಇಳಿದಿತ್ತು. ಮೂಳೆ ನೆಟ್ಟಗಿತ್ತು. ರಾಮಪ್ರಸಾದ್ ರೈಫಲ್ಲಿನಿಂದ ಗುಂಡು ಹೊರತೆಗೆದು ಜೇಬಿಗೆ ಹಾಕಿಕೊಂಡರು. ಪಿಕಪ್ಪನ್ನು ಇನ್ನಷ್ಟು ಹತ್ತಿರ ಒಯ್ಯಿಸಿ ನಾನು ಡಾರ್ಟ್ ಹೊಡೆದೆ. ಅದು ಮಲಗಿದ ಮೇಲೆ ತಂತಿ ಕತ್ತರಿಸಿ, ಗಾಯ ತೊಳೆದು, ಎಚ್ಚರಿಸುವ ಇಂಜೆಕ್ಷನ್ ಕೊಟ್ಟೆ. ಎದ್ದದ್ದೇ ತಡ, ಕೃತಜ್ಞತೆಯ ಗೊಡವೆಗೆ ಹೋಗದೆ ಪಿಕಪ್ಪಿನ ಬಾಗಿಲಿಗೆ ಕೊಂಬಿನಿಂದ ಎರಡು ತೂತು ಕೊರೆಯಿತು. ನಾಲ್ಕೂ ಕಾಲು ನೆಲದ ಮೇಲಿದ್ದವು.

ಮಾಲೀಕರು ಬಂದು ತೂತುಗಳನ್ನು ನೋಡಿದರು. ರಾಮಪ್ರಸಾದ್ ತಲೆ ತಗ್ಗಿಸಿ, "ಸಾರಿ ಸರ್, ಹೊಡೀಲಿಲ್ಲ," ಎಂದರು. ಬೇಟೆಯ ಪ್ರವಾಸ ಕೈತಪ್ಪಿತೆಂದೇ ನಾನು ಭಾವಿಸಿದೆ. ಮಾಲೀಕರು ನಕ್ಕು, ಹೊಡೆಯುವವರು ತಮ್ಮ ಬಳಿ ಬೇಕಾದಷ್ಟಿದ್ದಾರೆ, ಹೊಡೆಯದೆ ಇರಬಲ್ಲವನೊಬ್ಬ ಬೇಕಾಗಿತ್ತು, ಬ್ಯಾಗ್ ಕಟ್ಟಿಕೋ ಎಂದರು.

ರೇಂಜಿನ ವಿದ್ಯೆ ಬೇಟೆಯಲ್ಲಿ ಎಷ್ಟು ಉಪಯೋಗಕ್ಕೆ ಬರುತ್ತದೆಯೋ ನಾನು ಹೇಳಲಾರೆ. ನನ್ನ ವೃತ್ತಿಗೆ ಆ ದಿನ ಕಲಿಸಿದ್ದು ಇಷ್ಟು: ಕಾಲನ್ನು ಕೈಯಲ್ಲಿ ಹಿಡಿದು ನೋಡುವ ತನಕ ಮೂಳೆ ಮುರಿದಿದೆ ಎಂದು ಯಾರ ಬಳಿಯೂ ಹೇಳಬಾರದು. ಕೇಳಿಸಿಕೊಂಡವರ ಕೈಯಲ್ಲಿ ಬಂದೂಕು ಇರಬಹುದು.