“ನೋಡುವ” ಎನ್ನುತ್ತಿದ್ದವಳು

ಮಧ್ಯಾಹ್ನ ಕಣ್ಣು ಮುಚ್ಚಿದರೆ ಕುಲಶೇಖರದ ಆ ದರ್ಜಿ ಹೆಂಗಸಿನ ಹೊಲಿಗೆಯಂತ್ರದ ಸದ್ದು ಈಗಲೂ ಕೇಳುತ್ತದೆ. ದೀಕ್ಷಾಸ್ನಾನದ ಪುಟ್ಟ ಬಿಳಿ ಅಂಗಿಗಳು ಅವಳ ಕಿಟಕಿಯಲ್ಲಿ ಮಕ್ಕಳಿಲ್ಲದೆಯೇ ತೇಲಾಡುತ್ತಿದ್ದವು. ಯಾವಾಗ ಕೊಡುತ್ತೀ ಎಂದರೆ ಗುಂಡುಸೂಜಿ ಕಚ್ಚಿಕೊಂಡೇ “ನೋಡುವ” ಎನ್ನುವಳು. ಹೌದು ಎಂಬ ಮಾತು ಅವಳ ಬಾಯಿಂದ ಬಿದ್ದದ್ದಿಲ್ಲ.

ತಂಗಿಯೊಡನೆ ಅವಳು ಮಾತು ಬಿಟ್ಟಿದ್ದಳು. ಆ ತಂಗಿಯ ಮಗಳಿಗೆ ಬಜಪೆಯಿಂದ ಸಂಬಂಧ ಬಂತು. ಹುಡುಗನ ತಾಯಿ ಊರವರಲ್ಲಿ ವಿಚಾರಿಸುವವಳಿದ್ದಳು.

“ನನ್ನತ್ರ ಬರಲಿ. ಮುರಿದು ಹಾಕ್ತೇನೆ,” ಎಂದಳು ದರ್ಜಿ.

“ಹುಡುಗಿಯ ಮೇಲೆ ಹೇಳ್ಲಿಕ್ಕೆ ಎಂತ ಉಂಟು ಮಾರಾಯ್ತಿ?” ಎಂದೆ ನಾನು.

“ಇಲ್ಲದಿದ್ರೆ ಹೊಲಿದರಾಯ್ತು.”

ಆ ಭಾನುವಾರ ನನ್ನ ಮೊಮ್ಮಗಳ ದೀಕ್ಷಾಸ್ನಾನ. ಈ ದರ್ಜಿಯೇ ಧರ್ಮತಾಯಿ. ಕೆಡುಕನ್ನು ತ್ಯಜಿಸುತ್ತೀರಾ ಎಂದು ಪಾದ್ರಿಗಳು ಕೇಳಿದರು. ಮಗುವಿನ ಪರವಾಗಿ ಎಲ್ಲರೂ ಅಭ್ಯಾಸಬಲದಿಂದ ಉತ್ತರ ಕೊಡುವ ಪ್ರಶ್ನೆ ಅದು. ಇವಳು “ನೋಡುವ” ಎಂದುಬಿಟ್ಟಳು.

ಜನ ನಕ್ಕರು. ಅವಳು ನಗಲಿಲ್ಲ. ತಾನೇ ಹೊಲಿದ, ಮಗು ತೊಟ್ಟ ಅಂಗಿ ಅವಳ ತೋಳಿನ ಮೇಲೆ ಮೋಡದ ಹಾಗೆ ಹರಡಿತ್ತು. ಮೇಣದಬತ್ತಿಯ ಬೆಳಕು ಅದರಲ್ಲಿ ಮೆಲ್ಲ ಆಡುತ್ತಿತ್ತು. ಅದನ್ನೇ ನೋಡುತ್ತ ನಿಂತಳು. ಪಾದ್ರಿಗಳು ಕಾದರು.

“ತ್ಯಜಿಸುತ್ತೇನೆ,” ಎಂದಳು ಕೊನೆಗೆ, ಹಲ್ಲು ಕೀಳಿಸಿಕೊಂಡವರ ಹಾಗೆ.

ಇಗರ್ಜಿಯ ಅಂಗಳದಲ್ಲಿ ಹುಡುಗನ ತಾಯಿ ಕಾದಿದ್ದಳು. “ಹುಡುಗಿ ಹೇಗೆ ಬಾಯಮ್ಮ?”

“ಒಳ್ಳೆಯವಳು. ಕಣ್ಣು ಮುಚ್ಚಿ ಮಾಡಿಕೊಳ್ಳಿ.”

ತಂಗಿಯೊಡನೆ ಅವಳು ಆಮೇಲೂ ಮಾತಾಡಲಿಲ್ಲ. ಆದರೆ ಒಂದು ದಿನ ನಾನು ಅವಳಲ್ಲಿ ಕೂತಿದ್ದಾಗ ಆ ಹುಡುಗಿಯೇ ಬಿಳಿ ರೇಷ್ಮೆ ಹಿಡಿದು ಬಾಗಿಲಲ್ಲಿ ನಿಂತಳು.

“ಮೌಶಿ, ಮದುವೆಗೆ ಮೊದಲು ಆಗ್ತದಾ?”

ಉತ್ತರ ನನಗೆ ಗೊತ್ತೇ ಇದೆ ಎಂದುಕೊಂಡಿದ್ದೆ. ಅವಳು ಬಾಯಿಂದ ಗುಂಡುಸೂಜಿ ತೆಗೆದಳು.

“ಆಗ್ತದೆ,” ಎಂದಳು.