ಗಗನಚುಕ್ಕಿಯ ಮುಂದೆ ಯೋಗಾನರಸಿಂಹ

ಯೋಗಾನರಸಿಂಹ ಜಂಬದ ಮನುಷ್ಯ. ಕೆಟ್ಟವನಲ್ಲ, ಸೋಮಾರಿಯಲ್ಲ, ಲಂಚ ಮುಟ್ಟಿದವನೂ ಅಲ್ಲ. ಆದರೆ ತನ್ನ ಮುಖದ ಮೇಲೆ ಅವನಿಗಿದ್ದ ಪ್ರೀತಿಯ ಕಾಲುಭಾಗವೂ ಬೇರೆ ಯಾವುದರ ಮೇಲೂ ಇರಲಿಲ್ಲ. ಮದ್ದೂರಿನಲ್ಲಿ ಬಹಳ ವರ್ಷ ಅವನ ಪಕ್ಕದ ಮನೆಯಲ್ಲಿದ್ದವಳು ನಾನು. ಈ ಮಾತನ್ನು ಅವನ ಎದುರಿಗೇ ಹೇಳಿದ್ದೇನೆ. ಅದನ್ನೂ ಅವನು ಹೊಗಳಿಕೆಯೆಂದೇ ತೆಗೆದುಕೊಂಡ.

ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತ. ವಾರವೆಲ್ಲ ಮೇಜಿಗೆ ಬಗ್ಗಿ ಕೂತವನು ಭಾನುವಾರ ಬಂತೆಂದರೆ ಸಾಹಸಿಯಾಗುತ್ತಿದ್ದ. ಕಾಲಿಗೆ ಸಿಪಾಯಿಗಳ ಹಾಗೆ ಪಟ್ಟಿ, ತಲೆಗೆ ಟೋಪಿ, ಹೆಗಲಿಗೆ ಊರು ಬಿಟ್ಟುಹೋದ ಯಾವನೋ ಇಂಜಿನಿಯರಿನಿಂದ ಕೊಂಡ ಪೆಟ್ಟಿಗೆ ಕ್ಯಾಮೆರಾ. ಮುಂದಿನ ಸೈಕಲ್ಲಿನಲ್ಲಿ ಅವನು, ಹಿಂದಿನದರಲ್ಲಿ ಪುಳಿಯೋಗರೆಯ ಡಬ್ಬಿಯೊಂದಿಗೆ ಅವನ ಭಾವಮೈದುನ ಸಂಪತ್ ಕುಮಾರ. ಕ್ಯಾಮೆರಾದ ಗುಂಡಿ ಒತ್ತುವವನು ಯಾವಾಗಲೂ ಈ ಸಂಪತ್ತು. ಆದ್ದರಿಂದ ಆ ದಪ್ಪ ಆಲ್ಬಮ್ಮಿನಲ್ಲಿ ಸಂಪತ್ ಕುಮಾರನ ಚಿತ್ರ ಒಂದೂ ಇಲ್ಲ, ಯೋಗಾನರಸಿಂಹನಿಲ್ಲದ ಚಿತ್ರವೂ ಒಂದಿಲ್ಲ.

ಸಂಜೆ ಜಗಲಿಯ ಮೇಲೆ ಪ್ರದರ್ಶನ. ಅವನ ಹೆಂಡತಿ ಪದ್ಮಮ್ಮನ ಕಾಫಿಗೆ ಆಸೆಪಟ್ಟು ಬಂದವರು ಆಲ್ಬಮ್ಮು ಮುಗಿಯದೆ ಏಳುವಂತಿರಲಿಲ್ಲ. ಬೆಳ್ಳೂರಿನ ಕೊಕ್ಕರೆಗಳು ಎಂದು ತೋರಿಸಿದ ಚಿತ್ರದಲ್ಲಿ ಕೊಕ್ಕರೆಗಳು ಹಾರಿಹೋಗಿದ್ದವು, ಇವನು ಮಾತ್ರ ಹುಣಸೆಮರಕ್ಕೆ ಒರಗಿ ನಿಂತಿದ್ದ. ವೈದ್ಯನಾಥಪುರದ ಹತ್ತಿರ ಶಿಂಷಾ ನದಿಯಲ್ಲಿ ಪಾದ ಮುಳುಗುವಷ್ಟು ನೀರಿನಲ್ಲಿ ನಿಂತು, ಸಮುದ್ರ ದಾಟಿ ಬಂದವನ ಮುಖ ಮಾಡಿಕೊಂಡಿದ್ದ. ಪ್ರತಿ ಹಾಳೆಗೂ ಒಂದು ಚಿಂತನೆ ಇರುತ್ತಿತ್ತು. ಹೆಚ್ಚಾಗಿ ಬರುತ್ತಿದ್ದುದು, ಪ್ರಕೃತಿಯ ಮುಂದೆ ಮನುಷ್ಯ ಎಷ್ಟು ಅಲ್ಪ ಎನ್ನುವುದು. ಇದನ್ನು ಹೇಳುವಾಗ ಅವನ ಬೆರಳು ಇಡೀ ಬೆಟ್ಟವನ್ನು ಮರೆಮಾಡಿ ನಿಂತ ತನ್ನ ಎದೆಯ ಮೇಲೆಯೇ ಇರುತ್ತಿತ್ತು.

ಎಲ್ಲಕ್ಕಿಂತ ದೊಡ್ಡ ಚಿತ್ರ ಗಗನಚುಕ್ಕಿಯದು. ಮೈಸೂರಿನಲ್ಲಿ ಹಿಗ್ಗಿಸಿ ಮಾಡಿಸಿದ್ದು. ಬಂಡೆಯ ಮೇಲೆ ಯೋಗಾನರಸಿಂಹ, ಒಂದು ಕೈ ಎದೆಯ ಮೇಲೆ ಅಡ್ಡಬಂದು ಆಚೆ ಬದಿಯ ಜಲಪಾತವನ್ನು ತೋರಿಸುತ್ತಿದೆ, ಆ ಬದಿಯ ಇನ್ನೊಂದು ಕೈ ಇಳಿಬಿದ್ದಿದೆ. ಆ ಇಳಿಬಿದ್ದ ತೋಳನ್ನು ಹಿಡಿದು ನಿಂತವನು ಪೂರಿಗಾಲಿಯ ಅಂಕಯ್ಯ, ದಾರಿ ತೋರಿಸಲು ಜೊತೆಗೆ ಹೋದ ರೈತ. ಬಂಡೆಯ ಮೇಲೆ ಕಾಲು ಜಾರಿದ ಅಂಕಯ್ಯನನ್ನು ತಾನು ಹೇಗೆ ಉಳಿಸಿದೆ ಎಂಬ ಕಥೆ ಈ ಹಾಳೆಯದು. ಯಾರ ಕೈ ಯಾರ ತೋಳನ್ನು ಹಿಡಿದಿದೆಯೆಂದು ಕಣ್ಣಿದ್ದವರಿಗೆಲ್ಲ ಕಾಣುತ್ತಿತ್ತು. ಕಾಫಿ ಕುಡಿದವರು ಕೇಳುತ್ತಿರಲಿಲ್ಲ.

ಮೂವತ್ತೇಳನೆಯ ಇಸವಿಯಲ್ಲಿ ಈ ಚಿತ್ರವನ್ನು ಮೈಸೂರಿನ ದಸರಾ ವಸ್ತುಪ್ರದರ್ಶನಕ್ಕೆ ಕಳಿಸುವುದೆಂದು ನಿಶ್ಚಯಿಸಿದ. ಚೌಕಟ್ಟು ಬಂತು, ಚಿತ್ರವನ್ನು ಅದರೊಳಗೆ ಕೂರಿಸುವುದಷ್ಟೇ ಬಾಕಿ. ‘ಪ್ರಕೃತಿಯ ಮಡಿಲಲ್ಲಿ ಮಾನವ’ ಎಂದು ಹೆಸರೂ ಇಟ್ಟ. ಅದರ ಇಂಗ್ಲಿಷು ತಿದ್ದಿಕೊಡಲು ನನ್ನನ್ನು ಕರೆದ. ಮರುದಿನದ ರೈಲಿಗೆ ಅದು ಹೊರಡಬೇಕಾಗಿತ್ತು. ಸಂಪತ್ ಕುಮಾರನೂ ಸೇರಿ ನಾವು ಮೂವರು ಜಗಲಿಯಲ್ಲಿ ಕುಳಿತಿದ್ದಾಗ ಅಂಕಯ್ಯನ ತಾಯಿ ಮರಿತಾಯಮ್ಮ ಬಂದು ಮೆಟ್ಟಿಲ ಮೇಲೆ ಕೂತಳು.

ಅಂಕಯ್ಯ ಹಿಂದಿನ ಚಳಿಗಾಲದಲ್ಲಿ ಜ್ವರದಿಂದ ಸತ್ತಿದ್ದ. ನಾಡಿದ್ದು ಮಹಾಲಯ ಅಮಾವಾಸ್ಯೆ, ಸತ್ತವರಿಗೆ ಎಡೆ ಇಡುವ ದಿನ. ಅವರಲ್ಲಿ ಹೊಸ ಪಂಚೆ ಮಡಿಸಿಟ್ಟು, ಅದರ ಮುಂದೆ ಅಡಿಗೆ ಬಡಿಸಿ ಕೈ ಮುಗಿಯುತ್ತಾರೆ. ಆದರೆ ಮರಿತಾಯಮ್ಮನಿಗೆ ಪಂಚೆ ಸಾಲದಾಗಿತ್ತು.

“ಅವ್ವೋ, ನಾನು ಮದ್ದೂರಲ್ಲಿ ಬುಕ್ಕಿನೊಳ್ಗೆ ನಿಂತಿವ್ನಿ ಕಣವ್ವ ಅಂತಿದ್ದ ಸ್ವಾಮಿ,” ಅಂದಳು. “ಅವನ ಮಗ್ಳು ಅಪ್ಪನ ಮುಖವ ಆಗ್ಲೇ ಮರ್ತ್‌ಬುಟ್ಟದೆ. ಬಟ್ಟೆಗೆ ಕೈ ಮುಗಿ ಅಂದ್ರೆ ಮುಗೀತದೆ, ಆಮೇಲೆ ಇದ್ಯಾರು ಅಂತದೆ. ಆ ಪಟವ ಕೊಡಿ, ತಕ್ಕಂಡೋಯ್ತೀನಿ.”

ಯೋಗಾನರಸಿಂಹ ಚಿತ್ರವನ್ನು ಅವಳ ಮುಂದೆ ಹಿಡಿದು, ಅಭ್ಯಾಸಬಲದಿಂದ ನೀರಿನ ಎತ್ತರ, ಬಂಡೆಯ ಪಾಚಿ, ತನ್ನ ಸೈಕಲ್ ಪ್ರಯಾಣ ಎಲ್ಲವನ್ನೂ ಹೇಳತೊಡಗಿದ. ಅವಳು ಮಗನನ್ನು ನೋಡಿದಳು. ಬಹಳ ಹೊತ್ತು ನೋಡಿ, ಆಮೇಲೆ ಬೆರಳನ್ನು ಪಕ್ಕಕ್ಕೆ ಸರಿಸಿದಳು.

“ಇದ್ರಲ್ಲಿ ನೀವೂ ಇದ್ದೀರಲ್ಲ ಸ್ವಾಮಿ.”

ಇದ್ದೇನೆ ಎಂದು ಅವನು ಸ್ವಲ್ಪ ಹೆಮ್ಮೆಯಿಂದಲೇ ಒಪ್ಪಿಕೊಂಡ.

“ಬದುಕಿರೋರ್ನ ಮುಂದೆ ಕೂರ್ಸ್ಕಂಡು ಎಡೆ ಇಕ್ಕಾಕಾಯ್ತದಾ? ನಿಮ್ಗೇನಾರ ಆದ್ರೆ ನಿಮ್ಮನೇವ್ರು ನನ್ನ ಬುಟ್ಟಾರಾ?”

ಹಾಗಾದರೆ ತನ್ನ ಭಾಗವನ್ನು ಹಿಂದಕ್ಕೆ ಮಡಿಸಿ ಇಡಬಹುದಲ್ಲ, ಹಬ್ಬ ಮುಗಿದ ಮೇಲೆ ವಾಪಸು ತಂದುಕೊಟ್ಟರಾಯಿತು ಎಂದು ಅವನು ಸೂಚಿಸಿದ. ಮೈಸೂರಿಗೆ ಎರಡು ಮೂರು ದಿನ ತಡವಾಗಿ ಹೋಗಲಿ ಎಂಬ ಲೆಕ್ಕ.

“ಮಡಿಸಿದ್ರೆ ಇಂದ್ಗಡೆ ಇರ್ತೀರಲ್ಲ. ನಮ್ಮ ಸತ್ತೋರ್ಗೆ ಕಣ್ಣು ಚೆನ್ನಾಗಿ ಕಾಣ್ತದೆ ಸ್ವಾಮಿ.”

ಸಂಪತ್ ಕುಮಾರ ನಕ್ಕುಬಿಟ್ಟ. ಬಾಗಿಲ ಹಿಂದಿದ್ದ ಪದ್ಮಮ್ಮ ನಗಲಿಲ್ಲ. ಎಡೆಯ ಮುಂದೆ ತನ್ನ ಗಂಡನ ಒಂದು ಕೂದಲೂ ಇರಕೂಡದೆಂದು ಅಲ್ಲಿಂದಲೇ ತೀರ್ಪು ಕೊಟ್ಟಳು. ಬೇರೆ ಪ್ರತಿ ತೆಗೆಸೋಣವೆಂದರೆ ಫಿಲಮ್ಮು ಹಿಂದಿನ ಮಳೆಗಾಲದ ತೇವಕ್ಕೆ ಅಂಟಿಕೊಂಡು ಹಾಳಾಗಿತ್ತು. ಇದ್ದ ಚಿತ್ರಕ್ಕೇ ಇನ್ನೊಂದು ಚಿತ್ರ ತೆಗೆಸುವುದಾದರೆ ಮೈಸೂರಿನವರು ತಿಂಗಳು ಮಾಡುತ್ತಾರೆ. ಅಂಕಯ್ಯನ ಮುಖ ಭೂಮಿಯ ಮೇಲೆ ಉಳಿದದ್ದು ಆ ಒಂದು ಕಾಗದದಲ್ಲಿ.

ಯೋಗಾನರಸಿಂಹ ಆಲ್ಬಮ್ಮನ್ನು ಮುಚ್ಚಿಟ್ಟ. ಪೂರ್ತಿ ತೋರಿಸಿ ಮುಗಿಸದೆ ಅವನು ಅದನ್ನು ಮುಚ್ಚಿದ್ದನ್ನು ನಾನು ಮೊದಲ ಸಲ ನೋಡಿದ್ದು. ಆಮೇಲೆ ಕತ್ತರಿ ತರಲು ಹೇಳಿದ. ಪ್ರದರ್ಶನಕ್ಕೆ ಏನು ಕಳಿಸುವುದು ಭಾವ, ಎಂದು ಕೇಳುತ್ತಲೇ ಸಂಪತ್ತು ತಂದುಕೊಟ್ಟ.

ಕತ್ತರಿಸುವುದೂ ಸುಲಭವಿರಲಿಲ್ಲ. ಇಬ್ಬರ ನಡುವೆ ನೇರವಾಗಿ ಕತ್ತರಿಸಿದರೆ ಅಂಕಯ್ಯನ ಕೈ ಮಣಿಕಟ್ಟಿನಲ್ಲಿ ತುಂಡಾಗುತ್ತಿತ್ತು. ಕೈಯಿಲ್ಲದ ಮಗನನ್ನು ಎಡೆಗೆ ಕೂರಿಸುವುದು ಹೇಗೆ? ಯೋಗಾನರಸಿಂಹ ಕತ್ತರಿಯನ್ನು ತನ್ನ ಭುಜದ ಬುಡಕ್ಕೆ ಹಾಕಿ, ತೋಳನ್ನು ಅಂಕಯ್ಯನ ಕಡೆಗೇ ಬಿಟ್ಟು ಕತ್ತರಿಸಿದ. ಜಲಪಾತವೂ ಅತ್ತಲೇ ಹೋಯಿತು. ಇವನ ಪಾಲಿಗೆ ಉಳಿದದ್ದು, ಇಲ್ಲದ ನೀರನ್ನು ಒಂದೇ ಕೈಯಲ್ಲಿ ತೋರಿಸುತ್ತ ನಿಂತ ಟೋಪಿಯ ಮನುಷ್ಯ.

ಮರಿತಾಯಮ್ಮ ತನ್ನ ಭಾಗವನ್ನು ಕಣ್ಣ ಹತ್ತಿರ ತಂದು, ಮತ್ತೆ ಮೆಟ್ಟಿಲ ಮೇಲಿಟ್ಟಳು.

“ಈ ತೋಳು ಯಾರ್ದು?”

“ನನ್ನದಮ್ಮ.”

“ನನ್ ಮಗ ಯಾಕೆ ಇಡ್ಕಂಡವ್ನೆ?”

ಸಂಪತ್ ಕುಮಾರ ಬೇರೆ ಕಡೆ ನೋಡಿದ. ಜಗಲಿಯಲ್ಲಿ ನೂರು ಸಲ ಕೇಳಿದ್ದ ಕಥೆ ಈಗ ಬರುತ್ತದೆಂದು ನಾನೂ ಕಾದೆ.

“ಅವತ್ತು ಕಾಲು ಜಾರಿದ್ದು ನನ್ನದು,” ಎಂದ ಯೋಗಾನರಸಿಂಹ. “ಅವನು ಹಿಡ್ಕೊಂಡ. ಚಿತ್ರ ತೆಗೆದು ಮುಗಿಸೋವರೆಗೂ ಬಿಡಲಿಲ್ಲ.”

ಅವಳು ತಲೆಯಾಡಿಸಿದಳು. ಅದು ಅವಳಿಗೆ ಹೊಸ ಸಂಗತಿಯೆಂದು ಕಾಣಲಿಲ್ಲ. ಆದರೂ ಬದುಕಿರುವವರ ತೋಳು ತೋಳೇ, ಅದನ್ನು ಎಡೆಗೆ ಇಡಲಾಗದು ಎಂದಳು.

ಅವನು ಒಳಗೆ ಹೋಗಿ ಕಚೇರಿಯ ಲೇಖನಿಯನ್ನೂ ಶಾಯಿ ಕುಡಿಕೆಯನ್ನೂ ತಂದ. ಚಿತ್ರವನ್ನು ಮಣೆಯ ಮೇಲಿಟ್ಟು, ಇಳಿಬಿದ್ದ ತನ್ನ ತೋಳಿಗೆ ಮೇಲಿನಿಂದ ಕೆಳಗೆ ಕಪ್ಪು ಬಳಿದ. ಬೆರಳುಗಳು ಮುಗಿದಲ್ಲಿಂದ ಗೆರೆಯನ್ನು ಮುಂದುವರಿಸಿ ಬಂಡೆಗೆ ಮುಟ್ಟಿಸಿದ. ಅಂಕಯ್ಯ ಈಗ ಗಗನಚುಕ್ಕಿಯ ಮುಂದೆ ಕೋಲು ಹಿಡಿದು ಒಬ್ಬನೇ ನಿಂತಿದ್ದ. ಕೋಲು ಇರಬೇಕಾದದ್ದಕ್ಕಿಂತ ದಪ್ಪವಾಗಿತ್ತು. ಯೋಗಾನರಸಿಂಹನ ತೋಳು ಎಂದೂ ಸಣ್ಣದಾಗಿರಲಿಲ್ಲ.

ಶಾಯಿ ಹಸಿಯಾಗಿತ್ತು. ಪೂರಿಗಾಲಿಯ ಕಡೆಗೆ ಹೋಗುವ ಗಾಡಿ ಇನ್ನೇನು ಹೊರಡುವ ಹೊತ್ತು. ಅವನು ಚಿತ್ರವನ್ನು ಎರಡು ಕೈಯಲ್ಲೂ ಎತ್ತಿ ಹಿಡಿದು, ಅದು ಆರುವವರೆಗೆ ಊದುತ್ತ ಕುಳಿತ.