ಕೋಳಿ ಗೂಡಿಗೊಂದು ಹೊಸ್ತಿಲು

ನೆಗೆಣ್ಣಿಯ ಹಿತ್ತಲಲ್ಲಿ ಕೋಳಿ ಗೂಡು ಎದ್ದ ದಿನ ನನಗೆ ಊಟ ರುಚಿಸಲಿಲ್ಲ. ನೆಗೆಣ್ಣಿ ಎಂದರೆ ನನ್ನ ಮೈದುನನ ಹೆಂಡತಿ. ಅಕ್ಕಿಆಲೂರಿನಲ್ಲಿ ನಮ್ಮಿಬ್ಬರ ಮನೆಗಳ ನಡುವೆ ಇರುವುದು ಎದೆಮಟ್ಟದ ಒಂದು ಗೋಡೆ, ಅಣ್ಣತಮ್ಮಂದಿರು ಬೇರೆಯಾದಾಗ ಕಟ್ಟಿದ್ದು. ಅದನ್ನು ಇನ್ನಷ್ಟು ಎತ್ತರಿಸೋಣ ಎಂದು ನಾನು ಆಗಲೇ ಹೇಳಿದ್ದೆ, ಗಂಡ ಕಿವಿಗೆ ಹಾಕಿಕೊಳ್ಳಲಿಲ್ಲ. ಎತ್ತರಿಸಿದ್ದರೆ ಆ ಗೂಡು ದಿನಾ ಬೆಳಗಾದರೆ ನನ್ನ ಕಣ್ಣಿಗೆ ಬೀಳುತ್ತಿರಲಿಲ್ಲ.

ಅದುವರೆಗೆ ಇಬ್ಬರ ಮನೆಯಲ್ಲೂ ಕೋಳಿಗಳಿಗೆ ಬಿದಿರಿನ ಬುಟ್ಟಿಯೇ ಗತಿ. ಸಂಜೆ ಹಿಡಿದು ಕೂಡಿಸಿ, ಬುಟ್ಟಿ ಬೋರಲು ಹಾಕಿ, ಮೇಲೊಂದು ಕಲ್ಲು ಹೇರಿದರೆ ಮುಗಿಯಿತು. ಅವಳು ಕಟ್ಟಿಸಿದ್ದು ಮನುಷ್ಯರು ಒಳಗೆ ನಡೆದು ಹೋಗುವಂಥ ಗೂಡು. ಸಾಮಾನೇನೂ ಹೊಸದಲ್ಲ. ದನದ ಕೊಟ್ಟಿಗೆಯ ಹಳೆಯ ತಗಡು, ನಾಲ್ಕಾರು ಗಳ, ತಂತಿಯ ಜಾಳಿ. ತತ್ತಿ ಇಡಲು ಬುಟ್ಟಿಗಳನ್ನು ಸೊಂಟದ ಎತ್ತರಕ್ಕೆ ಸಾಲಾಗಿ ಕಟ್ಟಿದ್ದಳು. ಮೂಲೆಯಲ್ಲಿ ಕೂಡಲು ಮಣ್ಣಿನದೊಂದು ಗಿಡ್ಡ ಕಟ್ಟೆ. ಬಾಗಿಲು ಅಗಲ, ಹೊರಗಿನ ನೆಲವೇ ಒಳಗಿನ ನೆಲ. ಓಣಿಯವರೆಲ್ಲ ಬಂದು ನೋಡಿ ಹೋದರು. ಏಳನೇ ಇಯತ್ತೆಗೆ ಶಾಲೆ ಬಿಟ್ಟವಳಿಗೆ ಇದು ಹೊಳೆದದ್ದಾದರೂ ಹೇಗೆ ಎಂದು ನಾನು, ಇಪ್ಪತ್ತು ವರ್ಷ ಮಕ್ಕಳಿಗೆ ಗಣಿತ ಕಲಿಸಿದವಳು, ಗೋಡೆಯ ಈಚೆ ನಿಂತು ಕುದಿದೆ.

ಬರೀ ಗೂಡಿನ ಮಾತಾಗಿದ್ದರೆ ನಾಲ್ಕು ದಿನ ಉರಿದು ಸುಮ್ಮನಾಗುತ್ತಿದ್ದೆ. ಅದು ನಮ್ಮ ಅತ್ತೆಯನ್ನೇ ಹಿಡಿದಿಟ್ಟುಕೊಂಡಿತು.

ಅತ್ತೆಯದು ಪಾಳಿ. ಯುಗಾದಿಯಿಂದ ದಸರೆಯವರೆಗೆ ಕಿರಿಯ ಮಗನ ಮನೆ, ದಸರೆಯಿಂದ ಯುಗಾದಿಯವರೆಗೆ ನಮ್ಮ ಮನೆ. ಬನ್ನಿ ಹಂಚುವ ದಿನ ಅವರ ಹಸಿರು ಟ್ರಂಕು ಗೋಡೆಯ ಮೇಲಿಂದ ಈಚೆ ದಾಟುತ್ತಿತ್ತು. ನನ್ನ ಶಾಲೆಯ ಬಾಯಿಯರು, ಎಂದರೆ ಜೊತೆಯ ಶಿಕ್ಷಕಿಯರು, ತಮ್ಮ ಅತ್ತೆಯ ಪಾಳಿ ಎಂದು ಮುಗಿದೀತೋ ಎಂದು ದಿನ ಎಣಿಸುವವರು, ನಾನು ಎಂದು ಶುರುವಾದೀತೋ ಎಂದು ಎಣಿಸುವವಳು. ತಾಯಿಯಿಲ್ಲದ ನಾನು ಈ ಮನೆಗೆ ಬಂದಾಗ ತಲೆಗೆ ಎಣ್ಣೆ ಹಚ್ಚಿ ಎರೆದವರು ಅವರು. ಮೊದಲ ಸಂಬಳದ ದಿನ ನನಗಿಂತ ಹೆಚ್ಚು ಹಿಗ್ಗಿದವರೂ ಅವರೇ. ಅದಕ್ಕೇ ನಮ್ಮಲ್ಲಿದ್ದಾಗ ಅವರಿಗೆ ಇಲ್ಲಿಯ ಕಡ್ಡಿ ಅಲ್ಲಿಡಲು ಬಿಟ್ಟವಳಲ್ಲ ನಾನು. ಮೆತ್ತನೆಯ ಕುರ್ಚಿ, ಎದುರಿಗೆ ಟಿ.ವಿ., ಕೂತಲ್ಲಿಗೇ ಚಹ.

ಆ ವರ್ಷ ಬನ್ನಿ ಕೊಟ್ಟು ಕಾಲಿಗೆ ಬಿದ್ದು ಕೇಳಿದೆ. "ಅತ್ತೀ, ಟ್ರಂಕ್ ಯಾವಾಗ ತರಸೂಣ್ರಿ?"

"ಒಂದ್ ಹ್ಯಾಟಿ ಕಾವಿಗೆ ಕುಂತೈತವಾ. ಮರಿ ಹೊರಗ ಬರ್ಲಿ, ಬರ್ತೇನಿ."

ಮರಿಗಳು ಹೊರಬಂದವು. ಎಣಿಸಿ ನೋಡಿದೆ, ಹನ್ನೊಂದು. ಟ್ರಂಕು ಬರಲಿಲ್ಲ. ದೀಪಾವಳಿಯ ಹೊತ್ತಿಗೆ ಇನ್ನೊಂದು ಹೇಂಟೆ ಕಾವಿಗೆ ಕೂತಿತು. ಬೆಳಿಗ್ಗೆ ನಾನು ಬಟ್ಟೆ ಹರವುವಾಗ ಅತ್ತೆ ಆ ಗೂಡಿನೊಳಗೆ ಕಟ್ಟೆಯ ಮೇಲೆ ಕೂತು ನುಚ್ಚು ಬೀರುತ್ತಿದ್ದರು. ನೆಗೆಣ್ಣಿ ಏನೋ ಹೇಳುವಳು, ಅತ್ತೆ ನಗುವರು. ನನ್ನ ಮನೆಯಲ್ಲಿ ಅವರು ಹಾಗೆ ನಕ್ಕದ್ದು ಯಾವಾಗ ಎಂದು ನೆನಪು ಮಾಡಿಕೊಳ್ಳಲು ಹೋಗಿ ಒದ್ದೆ ಸೀರೆಯನ್ನು ಎರಡೆರಡು ಸಲ ಹಿಂಡಿದ್ದೇನೆ. ಸಂತೆಯಲ್ಲಿ ಒಬ್ಬಾಕೆ ಮೆಣಸಿನಕಾಯಿ ಆರಿಸುತ್ತ ಕೇಳಿಯೇ ಬಿಟ್ಟಳು, "ನಿಮ್ಮತ್ತಿಗೆ ಹಿರೇ ಸೊಸಿ ಸೇರೂದುಲ್ಲೇನ್ರಿ ಟೀಚರ?" ಮೆಣಸಿನಕಾಯಿ ಕೊಳ್ಳದೆ ಬಂದೆ.

ಅಂದೇ ನಿಶ್ಚಯಿಸಿದೆ. ಅವಳದಕ್ಕಿಂತ ದೊಡ್ಡ ಗೂಡು, ಅವಳದಕ್ಕಿಂತ ಚೆಂದದ ಗೂಡು. ಅತ್ತೆ ತಾವಾಗಿಯೇ ಎದ್ದು ಬರಬೇಕು.

ಮೊಬೈಲಿನಲ್ಲಿ ಹತ್ತಾರು ವಿಡಿಯೋ ನೋಡಿದೆ. ಆಲೇಖದ ಹಾಳೆಯ ಮೇಲೆ ನಕ್ಷೆ ಬರೆದೆ, ಅಳಿಸಿದೆ, ಮತ್ತೆ ಬರೆದೆ. ಒಂದು ಕೋಳಿಗೆ ಎಷ್ಟು ಜಾಗ, ಕೂರುವ ಕೋಲು ಎಷ್ಟು ಎತ್ತರ, ಗಾಳಿಗೆ ಕಿಂಡಿ ಎಲ್ಲಿ, ಎಲ್ಲಕ್ಕೂ ಲೆಕ್ಕ. ಹಾನಗಲ್ಲಿಗೆ ಹೋಗಿ ಜಾಳಿ ಆರಿಸಿದೆ, ಕಬ್ಬಿಣದ ಬಾಗಿಲು ಮಾಡಿಸಿದೆ, ನೀಲಿ ಬಣ್ಣ ತಂದೆ. ಗಿರಣಿಯಿಂದ ಭತ್ತದ ಹೊಟ್ಟು ತರಿಸಿ ಒಂದು ಗೇಣು ದಪ್ಪ ಹಾಸಿಸಿದೆ. ಅತ್ತೆಗೆ ಒಮ್ಮೆಲೇ ತೋರಿಸಬೇಕೆಂದು ಗೋಡೆಗುಂಟ ತಾಡಪತ್ರಿ ಕಟ್ಟಿಸಿದ್ದೆ. ಅದರಾಚೆಯಿಂದ ನೆಗೆಣ್ಣಿ, "ಏನ್ ನಡಿಸೀರಿ ಅಕ್ಕಾರ?" ಎಂದು ಕೇಳಿದರೆ "ಏನಿಲ್ಲ ಬಿಡು" ಎನ್ನುತ್ತಿದ್ದೆ. ಹಾಗೆನ್ನುವುದರಲ್ಲಿ ಒಂದು ಸುಖವಿತ್ತು.

ಗೌಂಡಿ ಬಾಗಿಲ ಚೌಕಟ್ಟು ನಿಲ್ಲಿಸುವ ದಿನ ನಾನು ಒಂದು ಹೊಸ್ತಿಲ ಕಲ್ಲು ತರಿಸಿದೆ. ಅವನು ನನ್ನ ಮುಖ ನೋಡಿದ.

"ಕೋಳಿ ಗೂಡಿಗೂ ಹೊಸ್ತಿಲಾ ಬೇಕೇನ್ರಿ ಬಾಯೇರ?"

"ಬಾಗಲಾ ಅಂದಮ್ಯಾಲ ಹೊಸ್ತಿಲಾ ಇಲ್ದ ಹ್ಯಾಂಗ?" ಎಂದೆ. ಹೊಟ್ಟು ಹೊರಗೆ ಚೆಲ್ಲುವುದಿಲ್ಲ ಎಂದು ಕಾರಣ ಕೊಟ್ಟೆ. ನಿಜವಾದ ಕಾರಣ, ಅವಳ ಗೂಡಿಗೆ ಅದು ಇರಲಿಲ್ಲ. ಅವನು ಒಂದು ಗೇಣು ಎತ್ತರಕ್ಕೆ ಕಲ್ಲು ಕೂಡಿಸಿ, ಸಿಮೆಂಟಿನಿಂದ ಅಂಚು ತೀಡಿದ. ಶುಕ್ರವಾರ ನಾನು ಅದಕ್ಕೆ ಅರಿಶಿಣ ಬಳಿದು, ಕುಂಕುಮ ಇಟ್ಟು, ಮುಂದೆ ರಂಗೋಲಿ ಹಾಕಿದೆ. ನಮ್ಮ ಮನೆಯ ಮುಂಬಾಗಿಲಿಗೂ ಅಷ್ಟು ಅಕ್ಕರೆಯಿಂದ ಹಾಕಿದವಳಲ್ಲ.

ತಾಡಪತ್ರಿ ತೆಗೆಸಿ ಅತ್ತೆಯನ್ನು ಕರೆದೆ. ನೆಗೆಣ್ಣಿಯನ್ನೂ ಕರೆದೆ. ಅವಳು ನೋಡದಿದ್ದರೆ ಕಟ್ಟಿಸಿ ಪ್ರಯೋಜನವೇನು? ಅತ್ತೆ ಕೋಲೂರಿಕೊಂಡು ಬಂದರು, ಅವಳು ಪಕ್ಕದಲ್ಲಿ. "ಛಂದ ಆಗೇತವಾ" ಎಂದರು ಅತ್ತೆ. ಆ ಒಂದು ಮಾತಿಗೆ ನಾನು ಒಂದು ತಿಂಗಳು ಕಾದಿದ್ದೆ. ಹಿಗ್ಗಿ ಮೊದಲು ಒಳಗೆ ಹೋಗಿ ನಿಂತು, "ಬರ್ರಿ ಅತ್ತೀ, ಒಳಗ ಬರ್ರಿ" ಎಂದೆ. ಎಂದವಳು ನೋಡುತ್ತಿದ್ದುದು ನೆಗೆಣ್ಣಿಯ ಮುಖವನ್ನು. ನೀಲಿ ಬಾಗಿಲು ನೋಡಿದಾಗ ಸಪ್ಪಗಾಗುತ್ತದೋ, ಸಾಲು ತತ್ತಿ ಡಬ್ಬಿ ನೋಡಿದಾಗ ತುಟಿ ಕೊಂಕುತ್ತದೋ ಎಂದು ಒಂದೊಂದನ್ನೂ ಕಾಯುತ್ತಿದ್ದೆ.

ಅವಳ ಮುಖದಲ್ಲಿ ಏನೂ ಆಗಲಿಲ್ಲ. ಅವಳು ನನ್ನ ಗೂಡನ್ನು ನೋಡುತ್ತಲೇ ಇರಲಿಲ್ಲ, ಕೆಳಗೆ ನೋಡುತ್ತಿದ್ದಳು. ನಾನೂ ನೋಡಿದೆ. ಅತ್ತೆಯ ಬಲಗಾಲು ಹೊಸ್ತಿಲ ಮುಂದೆ ಎದ್ದು, ಅರ್ಧಕ್ಕೆ ನಿಂತು, ಮತ್ತೆ ನೆಲಕ್ಕಿಳಿಯಿತು. ಇನ್ನೊಮ್ಮೆ ಎದ್ದು ಇನ್ನೊಮ್ಮೆ ಇಳಿಯಿತು. ಮಂಡಿ ನೋವಿಗೆ ಕಾಲು ಅಷ್ಟೆತ್ತರ ಏಳದು. ತುಳಿದು ಏರೋಣವೆಂದರೆ ಅರಿಶಿಣ ಹಚ್ಚಿದ ಹೊಸ್ತಿಲನ್ನು ಅವರು ತುಳಿಯುವವರಲ್ಲ. ನಾನು ಏನಾದರೂ ಅನ್ನುವುದರೊಳಗೆ ನೆಗೆಣ್ಣಿ ಬಗ್ಗಿ ಹೆಗಲು ಕೊಟ್ಟಳು. ಅತ್ತೆಯ ಕೈ ಕೇಳದೆ, ಹೇಳದೆ ಆ ಹೆಗಲ ಮೇಲೆ ಹೋಗಿ ಕೂತಿತು. ಅದಕ್ಕೆ ದಾರಿ ರೂಢಿಯಾಗಿತ್ತು. ಇಬ್ಬರೂ ಒಳಗೆ ಬಂದು, ಒಂದು ಸುತ್ತು ಹಾಕಿ, ಹಾಗೆಯೇ ಹಿಡಿದುಕೊಂಡು ಹೊರಗೆ ಹೋದರು. ನಾನು ಗೂಡಿನ ನಡುವೆ ನಿಂತೇ ಇದ್ದೆ.

ಹೋಗುವಾಗ ಅತ್ತೆ ಮೆಲ್ಲಗೆ ಹೇಳಿದರು, "ಈ ಸಲ ನಾ ಅಲ್ಲೇ ಇರ್ತೇನಿ. ಬ್ಯಾಸರ ಮಾಡ್ಕೋಬ್ಯಾಡ."

ಮರುದಿನ ಬೆಳಿಗ್ಗೆ ಹಾರೆ ತಂದು ಹೊಸ್ತಿಲನ್ನು ಕಿತ್ತೆ. "ಪೂಜಿ ಮಾಡಿದ್ದನ್ನ ಕೀಳಬಾರ್ದು" ಎಂದು ಗಂಡ ಬಾಗಿಲಲ್ಲಿ ನಿಂತು ಹೇಳಿದರು. "ನೀವು ಸುಮ್ಕಿರ್ರಿ" ಎಂದೆ. ಹೊಸ ಸಿಮೆಂಟು, ಬಲು ಬಿಗಿಯಾಗಿ ಹಿಡಿದಿತ್ತು. ನಾಲ್ಕನೆಯ ಏಟಿಗೆ ಅಲುಗಿತು. ಅಂಗೈಯಲ್ಲಿ ಬೊಬ್ಬೆ ಎದ್ದವು. ಕೈ ತೊಳೆಯದೆ ಹಾಗೇ ಆಚೆ ಮನೆಗೆ ಹೋದೆ.

ಅತ್ತೆ ಅವಳ ಗೂಡಿನೊಳಗೆ ಕಟ್ಟೆಯ ಮೇಲೆ ಕೂತಿದ್ದರು. ತೊಡೆಯ ಮೇಲೆ ಒಂದು ಹೇಂಟೆ. ಅದರ ಕಾಲಿಗೆ ಸುತ್ತಿಕೊಂಡ ದಾರವನ್ನು ಉಗುರಿನಿಂದ ಬಿಡಿಸುತ್ತಿದ್ದರು.

"ಹೊಸ್ತಿಲಾ ಕಿತ್ತೇನ್ರಿ ಅತ್ತೀ. ಈಗ ಬರ್ರಿ."

ಅವರು ತಲೆಯೆತ್ತಿ ನನ್ನ ಕೈ ನೋಡಿದರು. "ಹೊಸ್ತಿಲಕ್ಕ ನಾ ಬರವಲ್ಲೆ ಅಂತ ಯಾರ್ ಹೇಳಿದ್ರು ನಿನಗ?"

"ಮತ್ಯಾಕ್ರಿ?"

ದಾರ ಪೂರ್ತಿ ಬಿಡಿಸಿ, ಹೇಂಟೆಯನ್ನು ನೆಲಕ್ಕೆ ಬಿಟ್ಟು, ಆಮೇಲೆ ಮಾತಾಡಿದರು. "ಈ ಗೂಡಾ ಯಾರ್ದು ಅಂತ ತಿಳದೀ?"

"ಆಕೀದು."

"ಕಟ್ಟಿಸಿದಾಕಿ ಆಕಿ, ಖರೆ. ಹಿಂಗ ಕಟ್ಟ ಅಂದಾಕಿ ನಾ. ಬೂದಿ ಚೆಲ್ಲಿ ನೆಲದ ಮ್ಯಾಲ ಗೆರಿ ಹಾಕಿ ತೋರಿಸಿದ್ನಿ. ಬುಟ್ಟಿ ಎಲ್ಲಿರ್ಲಿ, ಬಾಗಲಾ ಎಷ್ಟಿರ್ಲಿ, ಒಂದೊಂದೂ ನನ್ನ ಕೇಳಿ ಮಾಡಿದ್ಲು. ದಿನಾ ಮುಂಜಾನಿ ತತ್ತಿ ಆರಿಸೂದು ನನ್ನ ಕೆಲಸಾ. ನಾ ಏಳೂದು ತಡಾ ಆದ್ರ ಬೈತಾಳ." ಹಾಗೆ ಹೇಳುವಾಗ ಅವರ ಮುಖದಲ್ಲಿ ಹೆಮ್ಮೆಯಿತ್ತು. "ನಿನ್ನ ಮನ್ಯಾಗ ಕುರ್ಚಿ ಮ್ಯಾಲ ಕುಂದ್ರಸ್ತೀ. ಚಹಾಕ್ಕ ಸಕ್ರಿ ಎಷ್ಟ್ ಹಾಕ್ಲಿ ಅಂತನೂ ಕೇಳೂದುಲ್ಲ."

ನನಗೆ ಅಳು ಬಂತು, ಆದರೆ ಅಳುವಿಗಿಂತ ಮೊದಲು ಬಂದದ್ದು ಹೊಟ್ಟೆಕಿಚ್ಚೇ. ಅತ್ತೆ ಬೂದಿಯ ಗೆರೆ ಎಳೆಯುವಾಗ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ನೋಡಿದವಳು ಅವಳು. ಆ ಹೊತ್ತಿಗೆ ನಾನು ಗೋಡೆಯ ಈಚೆ ಎಲ್ಲೋ ಇದ್ದಿರಬೇಕು. ಅವರಿಗೆಂದು ದಿಂಬಿನ ಗವಸು ಹೊಲಿಯುತ್ತ ಇದ್ದರೂ ಇರಬಹುದು.

ಕೊನೆಗೆ ನೆಲದ ಮೇಲೆ ಅವರ ಕಾಲ ಬಳಿ ಕೂತೆ. "ಹಂಗಾರ ಹೇಳ್ರಿ. ನಮ್ಮ ಗೂಡಿನ್ಯಾಗ ಏನೇನ್ ಬದಲ ಮಾಡೂಣು?"

ಅತ್ತೆ ಕೋಲೂರಿ ಎದ್ದರು. "ನಡಿ, ನೋಡೂಣು. ನೀರೊಲ್ಯಾಗಿನ ಬೂದಿ ತಗೋ. ಆಕೀನ್ನೂ ಕರಿ. ಆಕಿ ಇಲ್ದ ನನಗ ಅಳತಿ ತಿಳಿಯೂದುಲ್ಲ."

ನೀರೊಲೆಯ ಬೂದಿಯನ್ನು ಬುಟ್ಟಿಗೆ ತುಂಬಿಕೊಂಡು, ಅಡಿಗೆಮನೆಯ ಬಾಗಿಲಿಗೆ ಹೋಗಿ ಕರೆದೆ. ನೆಗೆಣ್ಣಿ ಹಂಚಿನ ಮೇಲಿನ ರೊಟ್ಟಿ ತೆಗೆದಿಟ್ಟು, ಸೆರಗಿಗೆ ಕೈ ಒರೆಸಿಕೊಳ್ಳುತ್ತ, "ಬಂದ್ನಿರಿ ಅಕ್ಕಾರ" ಎಂದಳು. ನನ್ನ ಕೈಯ ಬೊಬ್ಬೆ ನೋಡಿ ಬೂದಿಯ ಬುಟ್ಟಿ ತಾನು ಹಿಡಿಯಲು ಬಂದಳು. ನಾನು ಕೊಡಲಿಲ್ಲ.